ಬಾವಿಕೋಣೆಯ ಪೂರ್ವದ ಗೋಡೆ

ಶನಿವಾರ ಬೆಳಗ್ಗೆ ಅಣ್ಣ ನನ್ನ ಕ್ಲಿನಿಕ್ಕಿಗೆ ಬಂದ. ಕಿವಿ ಪರೀಕ್ಷೆಗೆ ಕಾದು ಕೂತಿದ್ದ ನಾಲ್ಕು ಜನರನ್ನು ದಾಟಿಕೊಂಡು ನೇರ ಒಳಗೆ ನುಗ್ಗಿ, ಮೇಜಿನ ಮೇಲೆ ಕಾಗದದ ಕಟ್ಟೊಂದನ್ನು ಧೊಪ್ಪನೆ ಹಾಕಿದ.

"ಪೆನ್ಸಿಲ್, ಇದ್ರಲ್ಲಿ ಅಕ್ಷರ ತಪ್ಪು ನೋಡಿಬಿಡು. ಸೋಮವಾರ ಪ್ರೆಸ್ಸಿಗೆ ಹೋಗುತ್ತೆ."

ಪೆನ್ಸಿಲ್ ಅಂದರೆ ನಾನು. ವಯಸ್ಸು ನಲವತ್ತೆರಡಾಯಿತು, ಎರಡು ಮಕ್ಕಳಾದವು, ಸೊಂಟ ಪೆನ್ಸಿಲ್ ಡಬ್ಬಿಯಾಯಿತು, ಆದರೂ ಅಣ್ಣನ ಬಾಯಲ್ಲಿ ಮಾತ್ರ ನಾನಿನ್ನೂ ಪೆನ್ಸಿಲ್ಲೇ.

ಕಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ 'ಹಳೇ ಕಂಪ್ಯೂಟರ್ ಆಟಗಳು: ಹಿರಿಮೆ ಮತ್ತು ಹುಳುಕು' ಅಂತಿತ್ತು. ಅಣ್ಣ ಬರೆದದ್ದು, ನಮ್ಮ ವಾಚನಾಲಯದವರು ಅಚ್ಚು ಹಾಕಿಸುತ್ತಿರುವ ಪುಸ್ತಕ. ಒಬ್ಬ ಮುದುಕಪ್ಪನನ್ನು ಸದ್ದು ನುಗ್ಗದ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, "ಕುಂಯ್ ಅಂತ ಕೇಳಿಸಿದ ಕೂಡಲೇ ಗುಂಡಿ ಒತ್ತಿ, ಅಪ್ಪಾಜಿ" ಅಂತ ಹೇಳಿ, ಈಚೆ ಕೂತು ಮೂರನೇ ಅಧ್ಯಾಯ ತೆರೆದೆ. 'ದೀಪದ ಕೋಟೆ'. ನಮ್ಮ ಆಟ.

ಮೊದಲ ಸಾಲು ಹೀಗಿತ್ತು: "ಹದಿನಾರನೇ ವಯಸ್ಸಿನಲ್ಲಿ, ಒಬ್ಬನೇ, ಯಾರ ನೆರವೂ ಇಲ್ಲದೆ ಈ ಕೋಟೆಯನ್ನು ಗೆದ್ದೆ."

ಪುಟ ತಿರುಗಿಸಿದರೆ ಕೋಟೆಯ ನಕ್ಷೆ. ಮುನ್ನೂರ ಹನ್ನೆರಡು ಕೋಣೆ. ಕೆಳಗೆ ಸಣ್ಣಕ್ಷರದಲ್ಲಿ 'ನಕ್ಷೆ: ಲೇಖಕರದು'.

ನಾನು ಸದ್ದು ಬಿಡುವುದನ್ನೇ ಮರೆತುಬಿಟ್ಟೆ. ಗಾಜಿನಾಚೆ ಮುದುಕಪ್ಪ ಏನೂ ಕೇಳಿಸದೆ, ತನ್ನ ಎರಡೂ ಕಿವಿ ಹೋದವೆಂದು ಬಿಳಿಚಿಕೊಂಡು ಕೂತಿದ್ದ. ನನಗೆ ಮಾತ್ರ ಎರಡೂ ಕಿವಿಯಲ್ಲಿ ಗುಯ್ ಅನ್ನುತ್ತಿತ್ತು.

ದೀಪದ ಕೋಟೆ ಗೊತ್ತಿಲ್ಲದವರಿಗೆ ಎರಡು ಮಾತು. ಕಪ್ಪು ಪರದೆ, ಹಸಿರು ಗೆರೆ. ಒಂದು ಸಲಕ್ಕೆ ಒಂದೇ ಕೋಣೆ ಕಾಣುತ್ತದೆ. ಕೈಯಲ್ಲೊಂದು ದೀಪ. ಅರ್ಧದಷ್ಟು ಬಾಗಿಲುಗಳು ಗೋಡೆಯ ಹಾಗೇ ಇರುತ್ತವೆ, ತಳ್ಳಿದರೆ ಮಾತ್ರ ತೆರೆಯುತ್ತವೆ. ಬಾಗಿಲಿಲ್ಲದ ಗೋಡೆಯನ್ನು ತಳ್ಳಿದರೋ, ದೀಪದ ಎಣ್ಣೆ ಒಂದು ಗುಟುಕು ಖಾಲಿ. ಎಣ್ಣೆ ಮುಗಿದರೆ ಕತ್ತಲು, ಮತ್ತೆ ಮೊದಲಿನಿಂದ. ಹಾಗಾಗಿ ಸಿಕ್ಕಸಿಕ್ಕ ಗೋಡೆ ತಳ್ಳುವ ಹಾಗಿಲ್ಲ. ನಕ್ಷೆ ಬೇಕೇ ಬೇಕು.

ಅಣ್ಣನ ಬೆರಳು ಚುರುಕು, ಅದನ್ನು ಒಪ್ಪಬೇಕು. ಕಾವಲುಗಾರರ ಕೈಗೆ ಸಿಗದೆ ನುಸುಳುವುದು ನನ್ನಿಂದ ಆಗುತ್ತಿರಲಿಲ್ಲ. ಆದರೆ ಯಾವ ಗೋಡೆ ತಳ್ಳಬೇಕು ಅಂತ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಲೆಕ್ಕ ಹಾಕಿ, "ಈಗ ಎಡಕ್ಕೆ, ಈಗ ಮೇಲಕ್ಕೆ" ಅಂತ ಎರಡು ಬೇಸಿಗೆ ರಜೆ ಪೂರ್ತಿ ಅವನ ಪಕ್ಕ ಮೊಣಕಾಲೂರಿ ಕೂತವಳು ಹದಿಮೂರು ವರ್ಷದ ನಾನು. ಹೆಸರು ಪೆನ್ಸಿಲ್ ಅಂತ ಬಿದ್ದದ್ದು ಸುಮ್ಮನೆ ಅಲ್ಲ.

ಅಧ್ಯಾಯದ ಕೊನೆಯಲ್ಲಿ ಆಟದ ಐದು ಹುಳುಕುಗಳ ಪಟ್ಟಿ. ಐದನೆಯದನ್ನು ಓದಿ ನನಗೆ ನಗು ಬಂತು. ಅದರ ಹಿಂದೆಯೇ ಇನ್ನೂ ಜಾಸ್ತಿ ಸಿಟ್ಟು ಬಂತು. "ಬಾವಿಕೋಣೆಯಿಂದ ಪಕ್ಕದ ಉಗ್ರಾಣಕ್ಕೆ ಹೋಗಲು ಹದಿನಾಲ್ಕು ಕೋಣೆ ಸುತ್ತಿಸುವುದು ಆಟ ಕಟ್ಟಿದವನ ಕ್ರೌರ್ಯ."

ಆ ಕ್ರೌರ್ಯ ಯಾರದು ಅಂತ ನನಗೆ ಗೊತ್ತು. ಒಂದು ಗ್ರಾಫ್ ಹಾಳೆ ಸಾಲದೆ ಪಕ್ಕಕ್ಕೆ ಇನ್ನೊಂದನ್ನು ಅಂಟಿಸಿದ್ದೆ. ಅಂಟಿಸುವಾಗ ಒಂದು ಚೌಕ ಕೆಳಗೆ ಜಾರಿತ್ತು. ಬಾವಿಕೋಣೆಯ ಪೂರ್ವಕ್ಕೆ ಇರಬೇಕಿದ್ದ ಬಾಗಿಲು ನಕ್ಷೆಯಲ್ಲಿ ಗೋಡೆಯಾಯಿತು. ನಾವು ಸುತ್ತಿದೆವು, ಗೆದ್ದೆವು. ಎರಡು ವರ್ಷದ ಮೇಲೆ, ಅಣ್ಣ ಆ ನಕ್ಷೆಯ ನಕಲು ಮಾಡಿಕೊಂಡು ಹಾಸ್ಟೆಲ್ಲಿಗೆ ಹೋದಮೇಲೆ, ಗೋಂದು ಒಣಗಿ ಹಾಳೆ ಬಿಟ್ಟುಕೊಂಡಿತು. ಸರಿಯಾಗಿ ಜೋಡಿಸಿ ನೋಡಿದರೆ ತಪ್ಪು ಕಣ್ಣಿಗೆ ಹೊಡೆಯಿತು. ಇಡೀ ದಿನ ಸತ್ತು ಸತ್ತು ಬಾವಿಕೋಣೆ ಮುಟ್ಟಿ, ಪೂರ್ವದ ಗೋಡೆ ತಳ್ಳಿದೆ. ಕ್ರೀಂಯ್ಕ್ ಅಂತ ತೆರೆದುಕೊಂಡಿತು. ಅವನು ಆಗಲೇ ಗೆಳೆಯರ ಮುಂದೆ "ನಾನೊಬ್ಬನೇ ಗೆದ್ದೆ" ಅಂತ ಕೊಚ್ಚಿಕೊಳ್ಳುತ್ತಿದ್ದ. ಹೇಳಲಿಲ್ಲ. ಸುತ್ತಿಕೊಂಡಿರಲಿ ಮಗ ಅಂದುಕೊಂಡೆ.

ಇಪ್ಪತ್ತೇಳು ವರ್ಷದಿಂದ ಸುತ್ತುತ್ತಲೇ ಇದ್ದಾನೆ. ಈಗ ಆ ಸುತ್ತನ್ನು ಅಚ್ಚು ಹಾಕಿಸಲೂ ಹೊರಟಿದ್ದಾನೆ. ಇದು ಅಚ್ಚಿನ ದೋಷವಲ್ಲ, ಅಣ್ಣನ ದೋಷ. ಅಕ್ಷರ ತಪ್ಪು ಒಂದೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ವಾಚನಾಲಯದ ಮಹಡಿಯಲ್ಲಿ ಹಳೇ ಆಟಗಳ ವಾದಸಭೆ. ತಿಂಗಳಿಗೊಮ್ಮೆ ಸೇರುವ ಹದಿನೈದು ಇಪ್ಪತ್ತು ಜನ, ಮಡಚುವ ಕುರ್ಚಿಗಳು, ಮೂಲೆಯಲ್ಲಿ ಹಳದಿಗಟ್ಟಿದ ಒಂದು ಕಂಪ್ಯೂಟರ್. ನಡೆಸುವವರು ಗ್ರಂಥಪಾಲಕಿ. ಅಲ್ಲಿ ಇರುವುದು ಒಂದೇ ನಿಯಮ: ಆಟದಲ್ಲಿ ಹುಳುಕಿದೆ ಅಂದವರು ಅಲ್ಲೇ, ಆ ಯಂತ್ರದಲ್ಲೇ, ಆಡಿ ತೋರಿಸಬೇಕು.

ಅಣ್ಣ ಶುರುವಿನಲ್ಲೇ ಟೈಲರ್ ಮಾವನ ಮೇಲೆ ಬಿದ್ದ. ಟೈಲರ್ ಮಾವನಿಗೆ ಮೇಲಿನಿಂದ ಇಟ್ಟಿಗೆ ಬೀಳುವ ಆಟವೆಂದರೆ ಪ್ರಾಣ.

"ಗೆಲ್ಲೋಕೇ ಬರಲ್ಲ ಅದು. ಸೋಲೋವರೆಗೂ ಜೋಡಿಸ್ತಾನೇ ಇರ್ಬೇಕು. ಆಟನೋ ಸಂಸಾರನೋ?" ಅಂದ ಅಣ್ಣ.

"ಅದು ಕಟಿಂಗ್ ಕಣಪ್ಪಾ," ಟೈಲರ್ ಮಾವ ಕುರ್ಚಿಯ ತುದಿಗೆ ಬಂದರು. "ಒಂದು ತುಂಡು ದಂಡ ಆಗ್ಬಾರ್ದು, ಒಂದು ಸಂದು ಉಳೀಬಾರ್ದು. ನಿನ್ನ ಕೋಟೇಲಿ ಏನಿದೆ? ಬರೀ ತಡಕಾಟ."

"ಮಾವ, ನಿಮಗೆ ಗೊತ್ತಿರೋದು ಕೋಟು. ಕೋಟೆ ವಿಷಯ ನನಗೆ ಬಿಡಿ."

ಎಲ್ಲರೂ ನಕ್ಕರು. ಆ ನಗೆಯ ಮೇಲೆ ಸವಾರಿ ಮಾಡಿಕೊಂಡು ಅಣ್ಣ ತನ್ನ ಸಭೆಯ ಗಂಟಲು ತೆಗೆದ. ಅದು ಮೂಗಿನಿಂದ ಹೊರಟು ಎದೆಗೆ ಇಳಿದು ಮತ್ತೆ ಮೂಗಿಗೇ ಏರುವ ಗಂಟಲು: "ಒಬ್ಬನೇ ಗೆದ್ದವನು ನಾನು. ಹಾಗಾಗಿ ಅದರ ಹುಳುಕು ಹೇಳೋ ಹಕ್ಕೂ ನನ್ನದೇ. ಹದಿನಾಲ್ಕು ಕೋಣೆಯ ಆ ಸುತ್ತು..."

"ಆಆಡಿ ತೋರಿಸೀಈ," ಅಂದೆ ನಾನು, ಅದೇ ಮೂಗಿನಲ್ಲಿ. ಮತ್ತೆ ನಗು. ಈ ಸಲ ಅಣ್ಣ ನಗಲಿಲ್ಲ.

"ಪೆನ್ಸಿಲ್, ಸುಮ್ನಿರು."

"ನಿಯಮ ಅಂದ್ಮೇಲೆ ಎಲ್ಲರಿಗೂ ಒಂದೇ," ಅಂದರು ಗ್ರಂಥಪಾಲಕಿ. ಯಂತ್ರದ ಗುಂಡಿ ಒತ್ತಿಯೇಬಿಟ್ಟರು.

ಅವನು ಆಡಿದ. ಚೆನ್ನಾಗೇ ಆಡಿದ. ಕಾವಲುಗಾರರ ನಡುವೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ದಾಟಿ, ಇಪ್ಪತ್ತೇ ನಿಮಿಷದಲ್ಲಿ ಬಾವಿಕೋಣೆಗೆ ಬಂದು, ಸುತ್ತು ಹೊಡೆಯಲು ದಕ್ಷಿಣಕ್ಕೆ ತಿರುಗಿದ.

"ನಿಲ್ಲು," ಅಂದೆ. "ಪೂರ್ವದ ಗೋಡೆ ತಳ್ಳು."

"ಅಲ್ಲಿ ಬಾಗಿಲಿಲ್ಲ. ಎಣ್ಣೆ ದಂಡ."

"ಇಲ್ಲ ಅಂತ ಯಾರು ಹೇಳಿದ್ದು?"

"ನಕ್ಷೇಲಿ ಇಲ್ಲ."

"ಯಾರ ನಕ್ಷೇಲಿ?"

ಟೈಲರ್ ಮಾವ ಎದ್ದು ಬಂದು ಅಣ್ಣನ ಬೆನ್ನ ಹಿಂದೆ ನಿಂತರು. "ತಳ್ಳಪ್ಪಾ, ಒಂದು ಗುಟುಕು ಎಣ್ಣೆ ತಾನೇ."

ತಳ್ಳಿದ. ಕ್ರೀಂಯ್ಕ್. ಉಗ್ರಾಣ.

ಕುರ್ಚಿಗಳೇ ಮಡಚಿಕೊಳ್ಳುವಷ್ಟು ನಗು. ನಾನು ನಗಲಿಲ್ಲ. ಎದ್ದು ನಿಂತೆ.

"ಇದು ಆಟದ ಹುಳುಕಲ್ಲ, ನನ್ನ ಹುಳುಕು. ಹಾಳೆ ಅಂಟಿಸುವಾಗ ಒಂದು ಚೌಕ ಜಾರಿಸಿದ್ದೆ. ಆ ತಪ್ಪು ಪ್ರಪಂಚದಲ್ಲಿ ಒಂದೇ ಒಂದು ನಕ್ಷೇಲಿ ಇದೆ, ಅದು ನಾನು ಬರೆದದ್ದು. ಅದನ್ನೇ ಇವನು ಹಾಗ್ಹಾಗೇ ಇಳಿಸಿ 'ಲೇಖಕರದು' ಅಂತ ಹಾಕ್ಕೊಂಡಿದಾನೆ. ಒಬ್ಬನೇ ಗೆದ್ದನಂತೆ! ನನ್ನ ಮೊಣಕಾಲಿನ ಚರ್ಮ ಯಾರ ಲೆಕ್ಕಕ್ಕೆ ಹೋಯ್ತು?"

ಅಣ್ಣನ ಮುಖ ಕೆಂಪಾಯಿತು. ನಾಚಿಕೆಯಿಂದ ಅಂದುಕೊಂಡೆ. ಅಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ನೀನು ಹಾಸ್ಟೆಲ್ಲಿಗೆ ಹೋದಾಗಿಂದ."

"ಇಪ್ಪತ್ತೇಳು ವರ್ಷ!" ಕುರ್ಚಿ ಹಿಂದಕ್ಕೆ ಬಿತ್ತು. "ಇಪ್ಪತ್ತೇಳು ವರ್ಷ ನನ್ನನ್ನ ಸುತ್ತಿಸಿ ಒಳಗೊಳಗೇ ನಗ್ತಿದ್ದೆಯಾ? ಎಷ್ಟು ಜನರ ಮುಂದೆ ಆ ಸುತ್ತಿನ ಬಗ್ಗೆ ಭಾಷಣ ಮಾಡಿದೀನಿ ಗೊತ್ತಾ? ಹೇಳೋಕೆ ನಾಲಿಗೆ ಬಿದ್ದೋಗಿತ್ತಾ?"

"ಪ್ರತಿ ಭಾಷಣದಲ್ಲೂ 'ಒಬ್ಬನೇ' ಅಂತಿದ್ದೆಯಲ್ಲ, ಒಬ್ಬನಿಗೆ ನಾನು ಹೇಗೆ ಹೇಳ್ಲಿ?"

"ಗುಂಡಿ ಒತ್ತಿದ್ದು ನಾನು!"

"ಯಾವುದು ಒತ್ತಬೇಕು ಅಂದಿದ್ದು ನಾನು!"

ಗ್ರಂಥಪಾಲಕಿ ಮಧ್ಯೆ ಬಂದು ಕರಡನ್ನು ಮೇಜಿನ ಮೇಲೆ ಬಿಚ್ಚಿಟ್ಟರು. "ನಾಳೆ ಬೆಳಗ್ಗೆ ಇದು ಪ್ರೆಸ್ಸಿಗೆ. ನಕ್ಷೆ ಯಾರದು ಅಂತ ಈಗಲೇ ಬರೀರಿ. ಸುಳ್ಳನ್ನ ನಮ್ಮ ವಾಚನಾಲಯದ ಹೆಸರಲ್ಲಿ ಅಚ್ಚು ಹಾಕಲ್ಲ."

"ನಕ್ಷೆ ಸರಿಮಾಡಿ ಐದನೇ ಹುಳುಕು ತೆಗೆದ್ರೆ ಆಯ್ತು," ಅಂದ ಅಣ್ಣ, ಪೆನ್ನು ತೆಗೆಯುತ್ತ. "ಅದಕ್ಕಿಷ್ಟು ರಂಪ ಯಾಕೆ?"

"ಗೆರೆ ಮುಟ್ಟಬೇಡ," ಅಂದೆ. "ತಪ್ಪಿನ ಸಮೇತ ನನ್ನ ನಕ್ಷೆ, ನನ್ನ ಹೆಸರು. ಇಲ್ಲಾ ನಕ್ಷೆಯೇ ಬೇಡ. ಒಬ್ಬನೇ ಗೆದ್ದೋನು ಒಬ್ಬನೇ ಇನ್ನೊಂದು ಬರ್ಕೋ."

ಅವನು ನಕ್ಷೆ ನೋಡಿದ. ಮುನ್ನೂರ ಹನ್ನೆರಡು ಕೋಣೆ. ಬೆರಳು ಒಂದೊಂದೇ ಗೋಡೆಯ ಮೇಲೆ ಹರಿದಾಡಿತು. ಥಟ್ಟನೆ ತಲೆ ಎತ್ತಿದ.

"ಇನ್ನೆಲ್ಲೆಲ್ಲಿ ತಪ್ಪಿದೆ? ಉಳಿದ ನಾಲ್ಕು ಹುಳುಕೂ ನಿನ್ನದೇನಾ?"

"ಹೆಸರು ಬರಿ. ಆಮೇಲೆ ಹೇಳ್ತೀನಿ."

"ಬ್ಲ್ಯಾಕ್‌ಮೇಲ್ ಇದು."

"ಹೌದು."

'ಲೇಖಕರದು' ಅನ್ನುವುದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದ. ಪೆನ್ಸಿಲ್ ಅಂತಲ್ಲ, ಪೂರ್ತಿ ಹೆಸರು. ಒತ್ತಿದ ರಭಸಕ್ಕೆ ಕಾಗದ ಎರಡು ಕಡೆ ತೂತಾಯಿತು. ನಾನು ಅಧ್ಯಾಯದ ಮೊದಲ ಪುಟ ತಿರುಗಿಸಿ 'ಒಬ್ಬನೇ' ಮೇಲೆ ಬೆರಳಿಟ್ಟೆ. ಹಲ್ಲು ಕಡಿದುಕೊಂಡು ಅದನ್ನೂ ಹೊಡೆದ.

"ಈಗ ಬೊಗಳು."

"ಬೇರೆ ಯಾವ ತಪ್ಪೂ ಇಲ್ಲ," ಅಂದೆ. ನಿಜವನ್ನೇ ಹೇಳಿದೆ.

ಅವನು ನನ್ನನ್ನು ದುರುಗುಟ್ಟಿ ನೋಡಿದ. ಬಿದ್ದ ಕುರ್ಚಿಯನ್ನೆತ್ತಿ ಯಂತ್ರದ ಮುಂದೆ ಹಾಕಿಕೊಂಡು ಕೂತ. ಉಗ್ರಾಣದ ಉತ್ತರದ ಗೋಡೆ ತಳ್ಳಿದ. ಟುಪ್. ಎಣ್ಣೆ ಒಂದು ಗುಟುಕು ಹೋಯಿತು. ಪಶ್ಚಿಮದ್ದು ತಳ್ಳಿದ. ಟುಪ್.

"ಇಲ್ಲ ಅಂದೆನಲ್ಲೋ ಅಣ್ಣಾ!"

"ನೀನು ಮಾತಾಡ್ಬೇಡ."

ಜನ ಒಬ್ಬೊಬ್ಬರಾಗಿ ಮೆಟ್ಟಿಲಿಳಿದರು. ಟೈಲರ್ ಮಾವ ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದರು. ದೀಪ ಆರಿ ಪರದೆ ಕಪ್ಪಾಯಿತು. ಅಣ್ಣ ಮತ್ತೆ ಮೊದಲಿನಿಂದ ಶುರುಮಾಡಿ, ಮೊದಲನೇ ಕೋಣೆಯ ಮೊದಲನೇ ಗೋಡೆ ತಳ್ಳಿದ.