ಎಳೆದು ಹೇಳಿದ ‘ಪರವಾಗಿಲ್ಲ’

ಡಾಕ್ಟರು ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, “ಇನ್ಮೇಲೆ ಪಥ್ಯ ಬೇಡಮ್ಮಾ. ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಕೊಡಿ. ತಿನ್ನೋದಾಗ್ಲಿ, ಕೇಳೋದಾಗ್ಲಿ, ಮನಸ್ಸಿಗೆ ಖುಷಿಯಾದ್ರೆ ಸಾಕು” ಎಂದರು. ಪಥ್ಯ ಬೇಡ ಅಂದರೆ ಏನರ್ಥ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆದೆ. ಅತ್ತದ್ದು ಆಮೇಲೆ. ಮೊದಲು ಬಂದದ್ದು ಸಿಟ್ಟು. ಇಷ್ಟವಾದದ್ದನ್ನೆಲ್ಲ ಕೊಡಬೇಕಂತೆ! ಏನಿಷ್ಟ ಅಂತ ಆ ಮನುಷ್ಯ ಒಂದು ದಿನವಾದರೂ ಬಾಯಿಬಿಟ್ಟಿದ್ದರೆ ತಾನೇ?

ನನ್ನ ಗಂಡ ಬಸ್ ನಿಲ್ದಾಣದಲ್ಲಿ ಅನೌನ್ಸರು. ಟಿಕೆಟ್ ಕೌಂಟರುಗಳ ಮೇಲೆ ಗಾಜಿನ ಗೂಡಿನಂಥ ಒಂದು ಕೋಣೆ. ಅಲ್ಲಿ ಮೈಕಿನ ಮುಂದೆ ಕೂತು, ತಾವು ಯಾವತ್ತೂ ಹೋಗದ ಊರುಗಳ ಹೆಸರನ್ನು ದಿನವಿಡೀ ಕೂಗುವ ಕೆಲಸ. ಮನೆಗೆ ಬಂದರೆ ಬಾಯಿಗೆ ಬೀಗ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುವುದಾದರೆ ನಮ್ಮ ಮನೆಯಲ್ಲಿ ಬಂಗಾರದ ಗಣಿಯೇ ಇತ್ತು. ನಾನೋ ಬಟ್ಟೆ ರಿಪೇರಿ ಅಂಗಡಿಯವಳು. ಜಿಪ್ ಹಾಕುತ್ತಾ, ಪ್ಯಾಂಟಿನ ಅಂಚು ಮಡಿಸುತ್ತಾ ಬಂದವರ ಜೊತೆಯೆಲ್ಲ ಹರಟುವವಳು. ಬೀದಿಯಲ್ಲಿ ಯಾರಿಗೆ ಸೊಂಟ ಬಿಗಿಯಿರಬೇಕು, ಯಾರಿಗೆ ಸಡಿಲವಿರಬೇಕು ಅಂತ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು. ಗಂಡನಿಗೆ ಏನು ಬೇಕು ಅನ್ನುವುದು ಮಾತ್ರ ಗೊತ್ತಿಲ್ಲ.

ಅಡುಗೆ ಹೇಗಿದೆ ಅಂದರೆ, “ಪರವಾಗಿಲ್ಲ.” ಈ ಹಾಡು? “ಪರವಾಗಿಲ್ಲ.” ರಜೆಗೆ ಎಲ್ಲಿಗೆ ಹೋಗೋಣ ಅಂದರೆ, “ಎಲ್ಲಾದ್ರೂ ಪರವಾಗಿಲ್ಲ.” ಚೆನ್ನಾಗಿದೆ ಅನ್ನುವುದಕ್ಕೂ ಅದೇ, ಹೇಗೋ ನಡೆಯುತ್ತೆ ಅನ್ನುವುದಕ್ಕೂ ಅದೇ, ನೀನೇನೂ ಕಷ್ಟಪಡಬೇಡ ಅನ್ನುವುದಕ್ಕೂ ಅದೇ ಒಂದು ಮಾತು. ಮದುವೆಯಾದ ಹೊಸದರಲ್ಲಿ ರೇಗಿ, “ಬಾಯಿಬಿಟ್ರೆ ಮುತ್ತು ಉದುರುತ್ತೇನ್ರೀ?” ಅಂತ ಕೇಳಿದ್ದೆ. “ಉದುರಿದ್ರೂ ಪರವಾಗಿಲ್ಲ” ಅಂದಿದ್ದರು.

ಆಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. ಪದ ಒಂದೇ ಆದರೂ ರಾಗ ಬೇರೆಯಿರುತ್ತದೆ ಅಂತ ನನಗೆ ಹೊಳೆಯಿತು. ಚುಟುಕಾಗಿ “ಪರ್ವಾಗಿಲ್ಲ” ಅಂದರೆ ಅಷ್ಟಕ್ಕಷ್ಟೆ. ಕೊನೆಯಲ್ಲಿ ಎಳೆದು, ಮೆತ್ತಗೆ, “ಪರವಾಗಿಲ್ಲಾ...” ಅಂದರೆ ಮನಸ್ಸಿಗೆ ಹಿಡಿಸಿದೆ ಅಂತ. ಎಷ್ಟು ಬೀಗಿದ್ದೆ ಆವತ್ತು! ಮೆಣಸಿನಪುಡಿ ಹಾಕಿ ಹುರಿದ ಆಲೂಗಡ್ಡೆಗೆ ಎಳೆದರು. ಅವತ್ತಿನಿಂದ ಪ್ರತಿ ಭಾನುವಾರ ಅದೇ. ನನ್ನ ಪಿಟೀಲಿನ ಕ್ಯಾಸೆಟ್ಟಿಗೆ ಎಳೆದರು, ಸಂಜೆಯೆಲ್ಲ ಅದೇ. ಕೆರೆಯ ಮೇಲೆ ದೋಣಿಯಲ್ಲಿ ಕೂತಾಗಲೂ ಎಳೆದರು. ಸರಿ, ವರ್ಷವರ್ಷವೂ ಅದೇ ಕೆರೆ, ಅದೇ ದೋಣಿ.

ಹಾಗಾಗಿ ಡಾಕ್ಟರು ಹೋದಮೇಲೆ ಕಣ್ಣೊರೆಸಿಕೊಂಡು ಆಲೂಗಡ್ಡೆಯನ್ನೇ ಹುರಿದೆ. ಅವರ ಮಂಚವನ್ನು ಮುಂಗೋಣೆಯ ಕಿಟಕಿಯ ಪಕ್ಕಕ್ಕೆ ಎಳೆದು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಕ್ಯಾಸೆಟ್ಟು ಹಾಕಿದೆ. ಅವರ ಅಕ್ಕ ಆಗಲೇ ಕೇಕು ಹಿಡಿದುಕೊಂಡು ಬಂದಾಗಿತ್ತು. “ಚಿಕ್ಕಂದಿನಿಂದ ಅವನಿಗೆ ಸಿಹಿ ಅಂದ್ರೆ ಪ್ರಾಣ. ನಿಂಗೇನು ಗೊತ್ತು?” ಅಂತ ನನ್ನನ್ನು ಸರಿಸಿ ಪಕ್ಕದಲ್ಲೇ ಕೂತರು. ನಾನೇನು ಬಿಡುವವಳೇ? ಇನ್ನೊಂದು ಪಕ್ಕದಲ್ಲಿ ಕೂತೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗೆ ಒಬ್ಬಳ ಚಮಚದಲ್ಲಿ ಖಾರ, ಇನ್ನೊಬ್ಬಳ ಚಮಚದಲ್ಲಿ ಸಿಹಿ. ಅವರು ಎರಡನ್ನೂ ತುಟಿಗೆ ಮುಟ್ಟಿಸಿ, “ಪರವಾಗಿಲ್ಲಾ...” ಅಂದರು. ನನ್ನ ಚಮಚಕ್ಕೇ ಅಂದದ್ದು ಅಂತ ನಾನು, ತನ್ನದಕ್ಕೆ ಅಂತ ಅಕ್ಕ. ಹೀಗೆ ಕೆಲವು ದಿನ ನಡೆಯಿತು.

ಒಂದು ಮಧ್ಯಾಹ್ನ ಮೀಸೆ ಬಂದ. ಮೀಸೆ ಅಂದರೆ ಟಿಕೆಟ್ ಕೌಂಟರಿನವನು, ನಮ್ಮವರ ಹಳೆಯ ಗೆಳೆಯ. ಮೀಸೆ ಬೋಳಿಸಿ ಎಷ್ಟೋ ಕಾಲವಾಗಿದ್ದರೂ ಹೆಸರು ಹೋಗಿಲ್ಲ. ಗೆಳೆಯನ ಕೈ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, ಚಹಾ ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ಕಣ್ಣೊರೆಸಿಕೊಂಡ. ಅಷ್ಟರಲ್ಲಿ ಮುಂಗೋಣೆಯಲ್ಲಿ ಅಕ್ಕ ಏನೋ ತಿನ್ನಿಸಿರಬೇಕು, “ಪರವಾಗಿಲ್ಲಾ...” ಅಂತ ಕೇಳಿಸಿತು.

ನಾನು ಹೆಮ್ಮೆಯಿಂದ, “ನೋಡಿದ್ಯಾ, ಎಳೆದ್ರು. ಹಿಡಿಸಿದೆ ಅಂತ ಅರ್ಥ” ಅಂದೆ.

ಮೀಸೆಗೆ ಅಳುವಿನ ನಡುವೆಯೇ ನಗು ಬಂತು. “ಅಯ್ಯೋ ಅತ್ತಿಗೆ, ಯಾರು ಹೇಳಿದ್ದು ನಿಮಗೆ? ಅವನು ಎಳೆದ ಅಂದ್ರೆ ಗಾಡಿ ಬಂದಿಲ್ಲ ಅಂತ!”

“ಯಾವ ಗಾಡಿ?”

“ಅನೌನ್ಸ್ ಮಾಡೋ ರೀತಿ ಅದು. ಗಾಡಿ ಬಂದು ನಿಂತಿದ್ರೆ ಚುಟುಕಾಗಿ ಹೇಳಿ ಮುಗಿಸ್ತಾರೆ. ಗಾಡಿ ಪತ್ತೆಯಿಲ್ಲ, ಜನ ಕೂಗಾಡ್ತಿದ್ದಾರೆ ಅಂದ್ಕೊಳ್ಳಿ. ಆಗ ಎಳೀಬೇಕು. ‘ಇನ್ನು ಕೆಲವೇ ಕ್ಷಣಗಳಲ್ಲಿ ಬರಲಿದೇ...’ ಅಂತ, ಮೆತ್ತಗೆ. ಜನರ ಸಮಾಧಾನಕ್ಕೆ. ಅದರಲ್ಲಿ ಅವನನ್ನ ಮೀರಿಸಿದೋರೇ ಇಲ್ಲ.”

ಕೈಯಲ್ಲಿದ್ದ ಚಹಾದ ಸೋಸಣಿಗೆ ಹಾಗೇ ನಿಂತಿತು. ಭಾನುವಾರಗಳೆಲ್ಲ ಒಂದರ ಹಿಂದೊಂದು ಕಣ್ಣಮುಂದೆ ಬಂದವು. “ಹಾಗಾದ್ರೆ ಅವರಿಗೆ ಇಷ್ಟ ಏನು ಮಾರಾಯಾ? ನಿನಗಾದ್ರೂ ಗೊತ್ತಾ?” ಅಂತ ಹೆಚ್ಚುಕಡಿಮೆ ಅವನ ಅಂಗಿ ಹಿಡಿದು ಕೇಳಿದೆ.

ಮೀಸೆ ತಲೆ ಕೆರೆದುಕೊಂಡ. “ಅವನಿಗೆ ಅಂಥದ್ದೇನಿಲ್ಲ ಅತ್ತಿಗೆ. ಪಾಳಿ ಮುಗಿದ್ಮೇಲೆ ಮುಂದಿನೋನು ಬರೋವರೆಗೂ ಮೈಕ್ ಆಫ್ ಮಾಡಿ, ಒಳಗಿಂದ ಚಿಲಕ ಹಾಕ್ಕೊಂಡು ಒಬ್ಬನೇ ಕೂತಿರ್ತಿದ್ದ. ಓದೋದಿಲ್ಲ, ನಿದ್ದೆ ಮಾಡೋದಿಲ್ಲ, ಸುಮ್ನೆ. ಗಾಜಿನಲ್ಲಿ ನಮಗೆಲ್ಲ ಕಾಣಿಸೋನು. ಅದೇ ಅವನ ಸಿನಿಮಾ, ಅದೇ ಅವನ ಪ್ರವಾಸ ಅಂತ ಆಡ್ಕೊಂಡು ನಗ್ತಿದ್ವಿ.”

ಅವರು ಮನೆಗೆ ತಡವಾಗಿ ಬಂದಾಗಲೆಲ್ಲ ನಾನು ಬಸ್ಸುಗಳನ್ನು ಬೈದಿದ್ದೆ.

ಮೀಸೆಯೂ ಅಕ್ಕನೂ ಹೊರಟಮೇಲೆ ಪಿಟೀಲು ನಿಲ್ಲಿಸಿ ಮಂಚದ ಬಳಿ ಕೂತೆ. “ರೀ, ಆಲೂಗಡ್ಡೆ ನಿಮಗೆ ಇಷ್ಟ ಇಲ್ವಾ?”

ಅವರು ಬಾಗಿಲ ಕಡೆ ನೋಡಿದರು. “ಮೀಸೆ ಬಾಯಿಬಿಟ್ನಾ?”

“ಹೌದೋ ಅಲ್ವೋ ಹೇಳಿ.”

“ಎಣ್ಣೆ ಸ್ವಲ್ಪ ಜಾಸ್ತಿ.”

“ಪಿಟೀಲು?”

“ತಲೆನೋವು ಬರುತ್ತೆ.”

“ಕೆರೆ?”

“ದೋಣಿ ಹತ್ತಿದ್ರೆ ವಾಂತಿ ಬರುತ್ತೆ ಕಣೇ.”

ನನಗೆ ನಗು ಬಂತು, ನಗುತ್ತಲೇ ಅಳು ಬಂತು. “ಮತ್ತೆ ಯಾಕ್ರೀ ಹೇಳ್ಲಿಲ್ಲ?”

“ನಿಂಗೆ ಅಷ್ಟು ಖುಷಿಯಾಗ್ತಿತ್ತು. ಅದನ್ನ ನೋಡೋಕೆ ಚೆನ್ನಾಗಿರ್ತಿತ್ತು” ಅಂದರು. ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಕ್ಕೆ ಸುಸ್ತಾಗಿ ಕಣ್ಣು ಮುಚ್ಚಿದರು. ನಾನು ಬಿಡಲಿಲ್ಲ. “ಈಗ ಹೇಳಿ. ಏನು ಬೇಕು? ಏನಾದ್ರೂ ಸರಿ, ತಂದುಕೊಡ್ತೀನಿ.”

ಕಣ್ಣು ತೆರೆದು ಕಿಟಕಿಯ ಕಡೆ ನೋಡಿದರು. ಆಮೇಲೆ, “ಮಧ್ಯಾಹ್ನ ಸ್ವಲ್ಪ ಹೊತ್ತು ಒಬ್ಬನೇ ಇರ್ಬೇಕು” ಅಂದರು.

“ಅಷ್ಟೇ ತಾನೇ? ನಾನು ಅಡುಗೆಮನೇಲಿ ಇರ್ತೀನಿ.”

“ಮನೇಲಿ ಯಾರೂ ಇರ್ಬಾರ್ದು. ನೀನೂ.” ನನ್ನ ಮುಖ ನೋಡಿ, ಕೈ ಮೇಲೆ ಕೈಯಿಟ್ಟರು. “ಅದು ನಂಗೆ ಇಷ್ಟ.”

ಇಷ್ಟ ಅನ್ನುವ ಪದ ಆ ಬಾಯಿಂದ ಬಂದದ್ದನ್ನು ಅವತ್ತೇ ಮೊದಲು ಕೇಳಿದ್ದು. ಉಳಿದಿರುವುದೇ ಬೆರಳೆಣಿಕೆಯ ದಿನ, ಅದರಲ್ಲೂ ನಾನಿಲ್ಲದ ಹೊತ್ತು ಬೇಕಂತೆ. ಸವತಿ ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಖಾಲಿ ಕೋಣೆಯ ಜೊತೆ ಏನಂತ ಜಗಳವಾಡಲಿ?

ಮಾರನೆಯ ದಿನದಿಂದ ಮಧ್ಯಾಹ್ನ ನೀರು, ಮಾತ್ರೆ ಕೈಗೆಟಕುವ ಹಾಗಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರತೊಡಗಿದೆ. ಮಡಿಲಲ್ಲಿ ಯಾರದೋ ಪ್ಯಾಂಟು. ಅಂಚು ಹೊಲಿಯುವುದು, ವಕ್ರವಾಯಿತೆಂದು ಬಿಚ್ಚುವುದು. ಆ ಬಾಗಿಲು ಎಷ್ಟು ದಪ್ಪವಿದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೊದಲ ದಿನ ತಡೆಯಲಾರದೆ ಸದ್ದಿಲ್ಲದೆ ಇಣುಕಿದೆ. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ಆ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ. ಹಣೆಯ ಗೆರೆಗಳೆಲ್ಲ ಸಡಿಲವಾಗಿ, ತುಟಿ ಅರೆ ತೆರೆದು, ಯಾರಿಗೂ ಏನನ್ನೂ ಹೇಳಬೇಕಾಗಿಲ್ಲದ ಮುಖ. ಅಷ್ಟರಲ್ಲಿ ನಾನು ನಿಂತದ್ದು ಗೊತ್ತಾಯಿತು. ತಟಕ್ಕನೆ ನನಗಾಗಿ ನಗು ತಂದುಕೊಂಡು, “ಪರವಾಗಿಲ್ಲಾ... ಬಾ” ಅಂದರು. ಎಳೆದು ಅಂದರು. ಬಾಗಿಲು ಮುಚ್ಚಿ ವಾಪಸು ಬಂದು ಕೂತೆ. ಮತ್ತೆ ಇಣುಕಲಿಲ್ಲ. ಒಳಗೆ ಹೋಗುವ ಹೊತ್ತಿಗೆ ಅವರ ಕೆನ್ನೆಯಲ್ಲಿ ಸ್ವಲ್ಪ ಬಣ್ಣ ಬಂದಿರುತ್ತಿತ್ತು. ಅರ್ಧ ತುಂಡು ಬ್ರೆಡ್ಡನ್ನು ಕೇಳಿ ತಿನ್ನುತ್ತಿದ್ದರು. ಒಮ್ಮೆ, “ಇದಕ್ಕೆ ಉಪ್ಪು ಸಾಲದು” ಅಂತ ತಾವಾಗಿಯೇ ಅಂದರು. ಅವತ್ತು ಓಡಿಹೋಗಿ ಉಪ್ಪಿನ ಡಬ್ಬವನ್ನೇ ತಂದು ಮುಂದಿಟ್ಟೆ.

ಕೊನೆಯ ದಿನ ಒಳಗಿನಿಂದ ಕೆಮ್ಮು ಕೇಳಿಸಿತು. ಒಂದೇ ಸಲ. ಎದ್ದು ಚಿಲಕದ ಮೇಲೆ ಕೈಯಿಟ್ಟೆ. ನಾನು ಹೋದರೆ ಪಾಪ, ಮತ್ತೆ ನಗು ತಂದುಕೊಳ್ಳಬೇಕಲ್ಲ ಅನ್ನಿಸಿತು. ಕಿವಿಗೊಟ್ಟು ನಿಂತೆ. ಇನ್ನೇನೂ ಸದ್ದಾಗಲಿಲ್ಲ. ಕೈ ತೆಗೆದು ಕೂತೆ. ಹಿಡಿದ ಅಂಚು ಮುಗಿಸಿದೆ. ಬಾಗಿಲು ತೆರೆದಾಗ ಕಿಟಕಿಯ ಕಡೆಗೇ ಮುಖವಿತ್ತು. ಕೈ ಆಗಲೇ ತಣ್ಣಗಾಗುತ್ತಿತ್ತು.

ಆ ಕೆಮ್ಮು ಬರೀ ಕೆಮ್ಮೋ, ನನ್ನನ್ನು ಕರೆದದ್ದೋ? ಯಾರನ್ನು ಕೇಳಲಿ ಈಗ?

ಅಕ್ಕ ಎದೆ ಬಡಿದುಕೊಂಡು ಅತ್ತರು. ಜನ ಕರಗಿದಮೇಲೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದರು. “ಸಾಯೋ ಹೊತ್ತಲ್ಲಿ ಒಬ್ಬನೇ ಬಿಟ್ಟು ಮೆಟ್ಟಿಲ ಮೇಲೆ ಪ್ಯಾಂಟು ಹೊಲೀತಾ ಕೂತಿದ್ಯಂತಲ್ಲ! ಕೈ ಹಿಡ್ಕೊಳ್ಳೋಕೂ ಒಬ್ಬರಿರ್ಲಿಲ್ವಲ್ಲೇ ನನ್ನ ತಮ್ಮನಿಗೆ!”

“ಅವರಿಗೆ ಅದೇ ಇಷ್ಟ ಇತ್ತು ಅಕ್ಕಾ.”

“ಒಬ್ಬನೇ ಇರೋದು ಯಾರಿಗಾದ್ರೂ ಇಷ್ಟ ಆಗುತ್ತೇನೇ? ಏನು ಗೊತ್ತು ನಿಂಗೆ ಅವನ ಇಷ್ಟ?”

“ಗೊತ್ತು” ಅಂದೆ. “ಅದೊಂದೇ ಗೊತ್ತು. ಆದ್ರೆ ನಂಗೆ ಇಷ್ಟ ಇರ್ಲಿಲ್ಲ ಅಕ್ಕಾ. ಆ ಬಾಗಿಲ ಹೊರಗೆ ಕೂರೋದು ನಂಗೆ ಒಂಚೂರೂ ಇಷ್ಟ ಇರ್ಲಿಲ್ಲ.”