ಮೂರು ಡಿಗ್ರಿ ಓರೆ

ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಇಡೀ ಕುಟುಂಬದ ಮಾನ ಒಂದು ಹಾರ್ಡ್ ಡಿಸ್ಕಿನ ಕೇಬಲ್ಲಿಗೆ ಜೋತುಬಿದ್ದಿತ್ತು. ಅಳಿಯ ಅದನ್ನು ಮೂರನೆಯ ಸಲ ತಿರುಗಿಸಿ ಚುಚ್ಚಿದ. ನಡುಮನೆಯಲ್ಲಿ ಅವನ ಮಾವ, ಊರಿನ ಫೋಟೋಗ್ರಾಫರ್, ಕೊನೆಯ ಸಲ ಮಲಗಿದ್ದರು. ತಲೆಯ ಮೇಲಿನ ಗೋಡೆಗೆ ಹಾಕಲು ಅವರದೇ ಒಂದು ಫೋಟೋ ಸಿಕ್ಕಿರಲಿಲ್ಲ. ನಾಲ್ಕು ಗಂಟೆಗೆ ಮಸಣಕ್ಕೆ ಒಯ್ಯಬೇಕು.

"ಹೆಸರು ಹಾಕಿ ಹುಡುಕಿದ್ರಾ?" ಎಂದಳು ಮಗಳು.

"ಹೆಸರೆಲ್ಲಿದೆ? ಎಲ್ಲಾ ಬೆಳಕಿನ ಪ್ರಕಾರ ಜೋಡಿಸಿದ್ದಾರೆ. 'ಮೋಡ, ಎಡ ಕಿಟಕಿ.' 'ಬಿಸಿಲು, ಬಿಳಿ ಗೋಡೆ.' ನಮ್ಮ ಮದುವೆ 'ಮಿಶ್ರ ಬೆಳಕು' ಅನ್ನೋ ಫೋಲ್ಡರಲ್ಲಿದೆ! ಒಂದು ಕೆಟ್ಟರೆ ಇನ್ನೊಂದಿರಲಿ ಅಂತ ಮೂರು ಡಿಸ್ಕಲ್ಲಿ ಕಾಪಿ. ಒಂದರಲ್ಲೂ ಮಾವ ಇಲ್ಲ."

ಫೋಟೋಗ್ರಾಫರ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದರು. "ನಾನು ತೆಗೆದದ್ದು ಬೇಕಾದಷ್ಟಿತ್ತು. ಎಲ್ಲಾ ಎಸೆದೆ ಅಂದ್ರು."

*

ರೀಲಿನ ಕಾಲದಲ್ಲಿ ಕೊನೆಯ ಫ್ರೇಮು ಹೆಂಡತಿಯದು. ಮೂವತ್ತಾರರಲ್ಲಿ ಮೂವತ್ತೈದು ಮುಗಿದ ಮೇಲೆ, "ಖಾಲಿ ಯಾಕೆ ಸುತ್ತೋದು?" ಎಂದು ಕ್ಯಾಮೆರಾ ಅವಳ ಕೈಗಿಟ್ಟು ತಾವು ಸ್ಟುಡಿಯೋದ ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಮೊಣಕೈ ಪಕ್ಕೆಗೆ ಒತ್ತು. ಉಸಿರು ಬಿಡಬೇಡ."

"ನಿಮ್ಮ ಪಾಠ ಮುಗಿಯೋದ್ರೊಳಗೆ ನನ್ನ ಉಸಿರೇ ಹೋಗಿರುತ್ತೆ!"

ಅವರು ನಕ್ಕರು. ಅವಳು ಒತ್ತಿದಳು.

ತೊಳೆದು ಒಣಗಿದ ನೆಗೆಟಿವಿಗೆ ಭೂತಗನ್ನಡಿ ಹಿಡಿದು ತೀರ್ಪು ಕೊಟ್ಟರು: "ಮೂರು ಡಿಗ್ರಿ ಓರೆ. ಎಸೆಯೋದೇ."

ಡಿಜಿಟಲ್ ಬಂದ ಮೇಲೆ ಕೊನೆಯ ಫ್ರೇಮ್ ಎಂಬುದೇ ಇಲ್ಲವಾಯಿತು. ಅವಳ ಕೈಗೆ ಮತ್ತೆ ಕ್ಯಾಮೆರಾ ಬರಲಿಲ್ಲ.

*

ಮೂವತ್ತು ವರ್ಷ ಅವರ ರೀಲು ತೊಳೆದಿದ್ದ ಲ್ಯಾಬಿನ ಗೆಳೆಯ ಹನ್ನೊಂದಕ್ಕೆ ಬಂದ. ಸಂಗತಿ ಕೇಳಿ ಹಣೆ ಚಚ್ಚಿಕೊಂಡ.

"ಎಸೆಯೋದಾ? ಅವನು ಖಾಲಿ ರೀಲಿನ ಡಬ್ಬಿ ಎಸೆದವನಲ್ಲ, ಅತ್ತಿಗೆ. 'ಕೆಟ್ಟವು' ಅಂತ ಒಂದು ಫೋಲ್ಡರ್ ಇರಬೇಕು, ನೋಡಿದ್ರಾ?"

"ಕೆಟ್ಟದ್ದನ್ನ ಯಾಕೆ ತೆರೀಲಿ?" ಎಂದ ಅಳಿಯ.

"ತೆರಿ, ಮಹರಾಯ. ಆ ನೆಗೆಟಿವೆಲ್ಲಾ ನಾನೇ ಸ್ಕ್ಯಾನ್ ಮಾಡಿದ್ದು. ಒಂದು ಧೂಳಿನ ಕಣ ಕಂಡರೂ ವಾಪಸ್ ಕಳಿಸ್ತಿದ್ದ."

ಎಂಬತ್ತನಾಲ್ಕು ಫೋಟೋ ಇದ್ದವು, ಒಂದೊಂದಕ್ಕೂ ಒಂದು ಟಿಪ್ಪಣಿ. 'ಕೈ ನಡುಕ.' 'ಅರ್ಧ ತಲೆ ಇಲ್ಲ.' 'ಮೂರು ಡಿಗ್ರಿ ಓರೆ.' ಎಲ್ಲದರಲ್ಲೂ ಫೋಟೋಗ್ರಾಫರೇ, ಬಾಗಿಲಲ್ಲಿ ನಿಂತು ಇತ್ತ ನೋಡುತ್ತಿದ್ದರು.

ಹೆಂಡತಿ ಕುರ್ಚಿ ಎಳೆದುಕೊಂಡು ಕೂತು ಒಂದೊಂದಾಗಿ ಓದಿದರು. "ಇಷ್ಟು ಬರೆಯೋಕೆ ಪುರುಸೊತ್ತಿತ್ತು. ಇಟ್ಟಿದ್ದೀನಿ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ಈ ಮನುಷ್ಯನಿಗೆ?"

ಗಂಡ ನಗುತ್ತಿದ್ದ 'ಮೂರು ಡಿಗ್ರಿ ಓರೆ'ಯ ಮೇಲೆ ಹೆಂಡತಿ ಬೆರಳಿಟ್ಟರು.

"ಒಂದೇ ನಿಮಿಷ," ಎಂದು ಗೆಳೆಯ ಮೌಸಿಗೆ ಕೈಹಾಕಿದ, "ನೇರ ಮಾಡಿ ಪ್ರಿಂಟ್ ಹಾಕಿಸ್ತೀನಿ."

"ಮುಟ್ಟಬೇಡಿ."

"ಅತ್ತಿಗೆ, ನಾಲ್ಕು ಜನ ನೋಡ್ತಾರೆ..."

"ನೋಡ್ಲಿ. ಇದು ನಾನು ತೆಗೆದದ್ದು."

ಎರಡು ಗಂಟೆಗೆ ಫೋಟೋ ಗೋಡೆಗೇರಿತು. ಬಾಗಿಲ ಚೌಕಟ್ಟಿನ ಸಮೇತ ಫೋಟೋಗ್ರಾಫರ್ ಬಲಕ್ಕೆ ವಾಲಿ ನಗುತ್ತಿದ್ದರು. ನೆಂಟರಲ್ಲಿ ಐದು ಜನ, ಒಬ್ಬರಾದ ಮೇಲೊಬ್ಬರು, ಕಣ್ಣೊರೆಸಿಕೊಂಡು ಎದ್ದು ಹೋಗಿ ಅದನ್ನು ಸರಿಮಾಡಿ ಬಂದರು. ಫೋಟೋಗ್ರಾಫರ್ ನೇರವಾದರೆ ಗೋಡೆಯ ಫ್ರೇಮು ಓರೆಯಾಗುತ್ತಿತ್ತು. ಆರನೆಯವರು ಏಳುವಷ್ಟರಲ್ಲಿ ನಾಲ್ಕಾಯಿತು, ಒಯ್ದರು.