ಗುರುವಾರ ತೆರೆಯುವ ಸೀಸೆ

ಕ್ಲೋರಿನ್ ಜಾಸ್ತಿಯಾಗಿದೆ, ನೆಲ ಒರೆಸಿದವರು ಬಕೆಟ್ಟಿಗೆ ಅಳತೆಯಿಲ್ಲದೆ ಸುರಿದಿದ್ದಾರೆ, ಅದರ ಕೆಳಗೆ ಕಾದ ಹಾಲಿನ ವಾಸನೆ, ಅದರ ಕೆಳಗೆ ಒದ್ದೆ ಉಣ್ಣೆಯದು — ವಾಸನೆಗಳೂ ಪದರ ಪದರವಾಗಿ ಕೂರುತ್ತವೆಯೇ, ಭಾರದ್ದು ಕೆಳಗೆ, ಹಗುರದ್ದು ಮೇಲೆ, ಎಂದು ನೋರ್ಕಾ ಶಿಶುವಿಹಾರದ ಹೊಸ್ತಿಲಲ್ಲಿ ನಿಂತು ಯೋಚಿಸುತ್ತಾಳೆ, ಬೆನ್ನಿಗೆ ಕಟ್ಟಿದ ಪಟ್ಟೆಬಟ್ಟೆಯೊಳಗೆ ಮಗಳು ಅನಾಹಿ, ಪಕ್ಕದಲ್ಲಿ ಗಾಳಿಗೆ ದುಂಡು ಟೋಪಿ ಹಿಡಿದುಕೊಂಡ ಅತ್ತೆ ಕಸಿಮಿರಾ. ಬೆಟ್ಟದ ನೆತ್ತಿಯ ಎಲ್ ಆಲ್ತೊ ನಗರದ ಗಾಳಿ ಬೆಳಗ್ಗೆ ಹೀಗೆಯೇ, ಬಿಸಿಲಿದ್ದರೂ ಕಚ್ಚುತ್ತದೆ. ಈಚೆಗೆ ಹಸಿವಾದರೆ ತಿಳಿಯುವುದಿಲ್ಲ, ಚಳಿಯಾದರೆ ತಿಳಿಯುವುದಿಲ್ಲ, ಕ್ಲೋರಿನ್ ಮಾತ್ರ ತಿಳಿಯುತ್ತದೆ, ವಿಚಿತ್ರ, ಗಂಡ ಸತ್ತ ಮೇಲೆ ಮೂಗು ಮಾತ್ರ ಬದುಕಿದೆ, ಅದೂ ಕೆಲಸದ ಮೂಗು, ನಗರದ ನೀರು ಪರೀಕ್ಷಿಸುವ ಮೂಗು — ಆ ಕೆಲಸವೂ ಸೋಮವಾರದ ತನಕವೇ, ಮೇಲಧಿಕಾರಿ ಮೆತ್ತಗೆ ಹೇಳಿದ್ದಾನೆ, ಇನ್ನು ಕಾಯೋಕಾಗಲ್ಲ ನೋರ್ಕಾ, ಸೋಮವಾರ ಬಂದ್ರೆ ಬಾ, ಇಲ್ಲಾಂದ್ರೆ ಬೇರೆಯವರನ್ನ ಹಾಕ್ಬೇಕಾಗುತ್ತೆ. ಮಗುವನ್ನು ಇಲ್ಲಿ ಸೇರಿಸಿಕೊಂಡರೆ ಕೆಲಸ, ಇಲ್ಲವಾದರೆ ಇಲ್ಲ, ಇಷ್ಟು ಸರಳ, ಸಮೀಕರಣದ ಹಾಗೆ, ಎಡಕ್ಕೊಂದು ಬಲಕ್ಕೊಂದು.

ಊರೆಲ್ಲ ಚಿಕ್ಕಮ್ಮ ಎಂದು ಕರೆಯುವ ತಿಯೊಡೋರಾ ಬಾತುಕೋಳಿ ಚಿತ್ರದ ಏಪ್ರನ್ನಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು, ಚುಚ್ಚುಮದ್ದೆಲ್ಲಾ ಆಗಿದೆಯೇನಮ್ಮಾ, ಇಲ್ಲ, ಯಾವ್ದು ಬಾಕಿ, ವರ್ಷ ತುಂಬಿದ ಮೇಲಿನದೆಲ್ಲ, ದಡಾರದ್ದೂ, ಹಳದಿ ಜ್ವರದ್ದೂ. ನೋಡಿದ್ರೆ ಓದಿದೋರ ಥರ ಕಾಣ್ತೀರಿ, ಏನು ಓದಿದ್ದು. ರಸಾಯನಶಾಸ್ತ್ರ, ಎಂದಳು ನೋರ್ಕಾ, ಆ ಪದ ಬಾಯಿಂದ ಬೇರೆ ಯಾರದೋ ಹೆಸರಿನಂತೆ ಹೊರಬಿತ್ತು. ತಿಯೊಡೋರಾ ಹೊಟ್ಟೆ ಕುಲುಕಿಸಿ ನಕ್ಕಳು, ಸರಿಹೋಯ್ತು, ರಸಾಯನಶಾಸ್ತ್ರ ಓದಿದೋರ ಮಗೂಗೆ ದಡಾರದ ಸೂಜಿ ಇಲ್ಲ, ನಮ್ಮ ಕಟುಕನ ಮಗೂಗೆ ಎಲ್ಲಾ ಆಗೈತೆ. ಅತ್ತೆ ಮುಂದೆ ಬಂದರು, ನನ್ನ ಸೊಸೇನ ಆಡ್ಕೋಬೇಡ, ಬೇಡ ಅಂದೋಳು ನಾನು, ಮಗು ಹೆದರೈತೆ, ಅದರ ಅಜಾಯು ಹೊರಗೈತೆ, ಪ್ರಾಣ ಹೊರಗಿರೋ ಮೈಗೆ ಸೂಜಿ ಚುಚ್ಚಿದ್ರೆ ಅದು ಬಾಗಿಲ ತನಕ ಬಂದಿದ್ರೂ ಓಡಿಹೋಗುತ್ತೆ. ತಿಯೊಡೋರಾ ನಗುವುದನ್ನು ನಿಲ್ಲಿಸಿದಳು — ಅವಳೂ ಈ ಊರಿನವಳೇ — ಮಗುವನ್ನು ಬಗ್ಗಿ ನೋಡಿದಳು, ಅಳುತ್ತಾ? ಇಲ್ಲ. ಯಾವತ್ತಿಂದ? ಅವರಪ್ಪ ಹೋದಾಗಿನಿಂದ. ಹ್ಞೂಂ, ಎಂದಳು, ಆಮೇಲೆ ತನ್ನ ಏಪ್ರನ್ನಿನ ಜೇಬಿನಿಂದ ಅನಾಹಿ ಬಿಸ್ಕತ್ತು ಎಳೆದುಕೊಂಡದ್ದನ್ನು ಕಂಡು, ನೋಡಿ ಕಳ್ಳೀನ, ಅಜಾಯು ಇಲ್ದೆ ಹಿಂಗೆ ಕದಿಯೋಕಾಗುತ್ತಾ, ದೋನ್ಯಾ ಕಸಿಮಿರಾ? ಕೈಗೆ ಅಜಾಯು ಬೇಕಿಲ್ಲ, ಎಂದರು ಅತ್ತೆ.

ಸೂಜಿ ಇಲ್ಲದೆ ನಾನು ಸೇರಿಸ್ಕೊಳ್ಳೋ ಹಂಗಿಲ್ಲ, ಮೂವತ್ತು ಮಕ್ಕಳು ಒಂದೇ ಲೋಟ ನೆಕ್ಕುತ್ವೆ ಇಲ್ಲಿ, ಆದ್ರೆ ಇವತ್ತು ಗುರುವಾರ, ನಿಮ್ಮ ಅದೃಷ್ಟ, ಎಂದಳು ತಿಯೊಡೋರಾ. ಗುರುವಾರವಾದರೆ ಏನು? ದಡಾರದ ಸೀಸೆ ಹತ್ತು ಮಕ್ಕಳದು, ಒಂದು ಸಲ ತೆರೆದರೆ ಅದೇ ದಿನ ಮುಗಿಯಬೇಕು, ಒಂದು ಮಗುವಿಗಾಗಿ ಕೆಳಗಿನ ಆರೋಗ್ಯ ಕೇಂದ್ರದ ನರ್ಸ್ ತೆರೆಯುವುದಿಲ್ಲ, ಮಕ್ಕಳು ಕೂಡಿದ ಗುರುವಾರವೇ ತೆರೆಯುವುದು, ತಿಯೊಡೋರಾ ಬಾಕಿ ಇರುವ ಮಕ್ಕಳನ್ನೆಲ್ಲ ಹಗ್ಗಕ್ಕೆ ಪೋಣಿಸಿಕೊಂಡು ಹೋಗುತ್ತಾಳೆ. ನಿಜವಾಗಿಯೂ ಹಗ್ಗ, ಉದ್ದಕ್ಕೂ ಬಣ್ಣದ ಬಟ್ಟೆಯ ಕುಣಿಕೆಗಳು, ಒಂದೊಂದಕ್ಕೆ ಒಂದೊಂದು ಪುಟ್ಟ ಕೈ. ಇಳಿಜಾರಿನಲ್ಲಿ ಮಕ್ಕಳು ಬಾತುಗಳಂತೆ, ಮಿನಿಬಸ್ಸಿನ ಹುಡುಗ ಊರುಗಳ ಹೆಸರು ಕೂಗುತ್ತಾನೆ, ಅನಾಹಿ ಹಸಿರು ಕುಣಿಕೆ ಹಿಡಿದು ನಡೆಯುತ್ತಾಳೆ, ಯಾರನ್ನೂ ನೋಡದೆ, ಕಾಲುಗಳು ಸರಿಯಾಗಿ ನಡೆಯುತ್ತವೆ, ಹಾಗಾದರೆ ಹೊರಗಿರುವುದು ಯಾವುದು, ನೋರ್ಕಾಗೆ ಕುತೂಹಲ, ನಿಜವಾದ ಕುತೂಹಲ, ಪ್ರಯೋಗಾಲಯದಲ್ಲಿ ಬಣ್ಣ ಬದಲಾಗದ ನಳಿಕೆಯನ್ನು ಮತ್ತೆ ಮತ್ತೆ ಎತ್ತಿ ನೋಡುವಂಥದ್ದು. ಆ ದಿನ ಮಾಳಿಗೆಯ ಮೇಲೆ ಗಂಡ ಎಲಿಸೆಯೊ ಟೀವಿಯ ತಂತಿ ಸರಿಮಾಡುತ್ತಿದ್ದ, ಈಗ ಬಂತಾ ಎಂದು ಕೂಗಿದ, ಇಲ್ಲ ಎಂದಳು ನೋರ್ಕಾ, ಈಗ, ಇಲ್ಲ, ಈಗ, ಬಂತು ಬಂತು ಎಂದಳು ಅಡುಗೆಮನೆಯಿಂದ — ಆಮೇಲೆ ಅಂಗಳದಲ್ಲಿ ಒಂದು ಸದ್ದು, ಆಲೂಗಡ್ಡೆಯ ಮೂಟೆ ಇಳಿಸಿದ ಹಾಗೆ, ಅಂಗಳದಲ್ಲಿ ಅನಾಹಿ ಚಮಚದಿಂದ ಮಣ್ಣು ಅಗೆಯುತ್ತ ಕೂತಿದ್ದಳು. ಅಗೆಯುವುದನ್ನು ನಿಲ್ಲಿಸಿರಲಿಲ್ಲ. ಅದೇ ಅತ್ತೆಯನ್ನು ಹೆದರಿಸಿದ್ದು. ಅಂದಿನಿಂದ ಮಂಗಳವಾರ ಶುಕ್ರವಾರ ಸಂಜೆ ಅದೇ ಜಾಗದಲ್ಲಿ ಅವರು ಮಗುವಿನ ಟೋಪಿ ಹಾಸಿ, ಸಕ್ಕರೆ ಚೆಲ್ಲಿ, ಗಂಟೆ ಅಲ್ಲಾಡಿಸಿ ಅಜಾಯುವನ್ನು ಕರೆಯುತ್ತಿದ್ದರು, ಬಾ, ಹೆದರಬೇಡ, ನಿನ್ನ ಮನೆ ಇಲ್ಲೇ ಐತೆ, ಕಿಟಕಿಯಾಚೆಯಿಂದ ನೋರ್ಕಾ ನೋಡುತ್ತಿದ್ದಳು, ಬೇಡ ಎನ್ನಲಿಲ್ಲ, ನಂಬಲೂ ಇಲ್ಲ, ಸೂಜಿಯ ಗುರುವಾರಗಳು ಅವಳಿಗೆ ತಿಳಿಯದೆಯೇ ಒಂದಾದ ಮೇಲೊಂದು ಕಳೆದುಹೋದವು.

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಅತ್ತೆ ರವಿಕೆಯೊಳಗೆ ಕೈಹಾಕಿ ಆ ಟೋಪಿ ತೆಗೆದರು, ಚುಚ್ಚಲೇಬೇಕಂದ್ರೆ ಇದು ತಲೆ ಮೇಲಿರ್ಲಿ, ಇದನ್ನ ಬಿಟ್ಟು ಓಡಲ್ಲ. ನೋರ್ಕಾ ಅದನ್ನು ಮೊದಲ ಸಲ ಕೈಯಲ್ಲಿ ಹಿಡಿದಳು, ಕಿಟಕಿಯಿಂದ ನೋಡಿದ್ದಷ್ಟೆ, ಒರಟು ಕುರಿಯುಣ್ಣೆ, ಕಿವಿಯ ಹತ್ತಿರ ನುಸಿ ತಿಂದ ತೂತಿಗೆ ಬೇರೆ ಕಂದುಬಣ್ಣದ ದಾರದ ಹೊಲಿಗೆ, ಹಳೆಯದು, ಅನಾಹಿಗಿಂತ ತುಂಬ ಹಳೆಯದು. ಅತ್ತೆ, ಇದು ಅನಾಹಿದಲ್ಲ. ಅವಳ್ದೆಲ್ಲ ಅಂಗಡೀದು ಕಣೇ, ಪ್ಲಾಸ್ಟಿಕ್ ದಾರ, ಅಜಾಯು ಅದನ್ನ ಮೂಸಿ ಕೂಡ ನೋಡಲ್ಲ, ಇದು ಎಲಿಸೆಯೊದು, ಅವನು ಹೊಟ್ಟೇಲಿದ್ದಾಗ ನಾನೇ ಹೆಣೆದಿದ್ದು. ಮತ್ತೆ ಕರೆಯೋವಾಗ ಯಾರ ಹೆಸರು ಹಿಡಿದು ಕರೀತಿದ್ರಿ? ಅತ್ತೆ ಬೆಂಚಿನ ಅಂಚು ಉಜ್ಜಿದರು. ಬಾಯಿಗೆ ಬಂದಿದ್ದು. ಯಾವ್ದು ಬಂತು ಅತ್ತೆ? ಒಂದೊಂದ್ಸಲ ಅವಳ್ದು, ಎಂದರು, ಒಂದೊಂದ್ಸಲ — ಇಬ್ರೂ ಬರ್ಲಿ ಬಿಡು, ಮನೇಲಿ ಜಾಗ ಇಲ್ವಾ. ಹಾಗಾದರೆ ಇಷ್ಟು ದಿನ ಅಂಗಳದಲ್ಲಿ ತಾಯಿಯೊಬ್ಬಳು ತನ್ನ ಮಗನನ್ನು ಕರೆಯುತ್ತಿದ್ದಳು, ಅದರ ಪಕ್ಕದಲ್ಲೇ ಇನ್ನೊಂದು ಮಗು ತನ್ನನ್ನು ಯಾರಾದರೂ ಕರೆದಾರೆಂದು ಕೂತಿತ್ತು, ಹೆತ್ತವಳು ಕಿಟಕಿಯಾಚೆ — ಎದೆಯಲ್ಲಿ ಏನೂ ಆಗಲಿಲ್ಲ, ಕೋಪವಿಲ್ಲ, ಬರೀ ಪ್ರಶ್ನೆ, ಕರೆಯದೆ ಯಾರಾದರೂ ಹೇಗೆ ಬರುತ್ತಾರೆ. ಟೋಪಿಯನ್ನು ಮಡಚಿ ಅತ್ತೆಯ ಕೈಯಲ್ಲೇ ಇಟ್ಟಳು, ಇದು ನಿಮ್ದು, ನೀವೇ ಇಟ್ಕೊಳ್ಳಿ. ಅತ್ತೆ ಅದನ್ನು ಮೂಗಿಗೆ ಒತ್ತಿಕೊಂಡರು, ಬೆಂಚಿನ ತುದಿಗೆ ಸರಿದು ಮಗು ಸೂಜಿಯತ್ತ ಹೋಗಲು ದಾರಿ ಬಿಟ್ಟರು.

ನರ್ಸ್ ಸೀಸೆಯ ಮುಚ್ಚಳ ಚಿಟಕ್ಕೆಂದು ಕಿತ್ತಳು, ಮಕ್ಕಳು ಒಬ್ಬೊಬ್ಬರಾಗಿ, ಕಟುಕನ ಎರಡನೆಯ ಮಗು ಮೊದಲು — ಅದು ಬಾಕಿ ಇತ್ತೇ, ಎಲ್ಲಾ ಆಗೈತೆ ಅಂದಿದ್ರಿ, ಅದು ದೊಡ್ಡೋಂದು, ಎಂದಳು ತಿಯೊಡೋರಾ, ಸುಮ್ನಿರಿ — ಸೂಜಿ ಹೋಯಿತು, ಮಗು ಬಾಯಿ ತೆರೆಯಿತು, ಸದ್ದಿಲ್ಲ, ಉಸಿರು ಒಳಗೆ ಹೋಗುತ್ತಿದೆ, ಆಮೇಲೆ ಕೂಗು, ಗೋಡೆ ಅದುರುವ ಹಾಗೆ. ಎರಡನೆಯದು, ತೆರೆದ ಬಾಯಿ, ಮೌನ, ಆಮೇಲೆ ಕೂಗು. ಮೂರನೆಯದೂ. ನೋವಿಗೂ ಅಳುವಿಗೂ ನಡುವೆ ಇಂಥದೊಂದು ಜಾಗ ಇದೆಯೆಂದು ನೋರ್ಕಾ ಯಾವತ್ತೂ ಗಮನಿಸಿರಲಿಲ್ಲ, ಆ ಜಾಗದಲ್ಲಿ ಮಗು ಏನು ಮಾಡುತ್ತದೆ, ಅಳಲು ಬೇಕಾದಷ್ಟು ಗಾಳಿಯನ್ನು ಮೊದಲು ಒಳಗೆ ಕರೆದುಕೊಳ್ಳುತ್ತದೆ, ಅಷ್ಟೇ, ಎಲ್ಲವೂ ಹಾಗೆಯೇ, ಒಂದೂ ತಪ್ಪದೆ. ಯಾರದಮ್ಮಾ ಇದು, ತೋಳು ಬಿಚ್ಚಿ, ಎಂದಳು ನರ್ಸ್. ಅನಾಹಿಯ ತೋಳು ತಣ್ಣಗಿದೆ, ಹಿಟ್ಟಿನ ಹಾಗೆ ಮೆತ್ತಗಿದೆ, ಎಷ್ಟು ದಿನದಿಂದ ಇದನ್ನು ಹೀಗೆ ಹಿಡಿದಿಲ್ಲ, ತೊಳೆದಿದ್ದೇನೆ, ಉಡಿಸಿದ್ದೇನೆ, ಹಿಡಿದಿಲ್ಲ, ನೋರ್ಕಾ ಆ ಪುಟ್ಟ ಕಿವಿಗೆ ಬಾಯಿ ತಾಗಿಸಿದಳು, ನಂಬಿಕೆಯೋ ಅಲ್ಲವೋ ಯಾರಿಗೆ ಬೇಕು, ಅನಾಹಿ, ಬಾ, ಎಂದಳು, ಅಮ್ಮ ಇಲ್ಲಿದೀನಿ, ಅನಾಹಿ — ತನ್ನ ದನಿಯೇ ಅವಳಿಗೆ ಗುರುತು ಸಿಗಲಿಲ್ಲ. ಸೂಜಿ ಹೋಯಿತು. ಅನಾಹಿ ತೋಳನ್ನು ನೋಡಿದಳು, ಸೂಜಿ ಹೊರಬರುವುದನ್ನು ನೋಡಿದಳು, ಆಮೇಲೆ ಕತ್ತೆತ್ತಿ ತಾಯಿಯನ್ನು, ನೇರ ಕಣ್ಣೊಳಗೆ, ಇದೇನಮ್ಮಾ ಮಾಡಿದೆ ಎನ್ನುವ ಹಾಗೆ, ತುಟಿ ನಡುಗಿತು, ಬಾಯಿ ತೆರೆಯಿತು, ಅಕ್ಕಿಕಾಳಿನಂಥ ಹಲ್ಲು, ಬಿಸ್ಕತ್ತಿನ ಪುಡಿ ಅಂಟಿದ ನಾಲಗೆ, ಅದರಾಚೆ ಕೆಂಪು ಗಂಟಲು, ಸದ್ದಿಲ್ಲ, ಉಸಿರು ಒಳಗೆ ಹೋಗುತ್ತಿದೆ, ಇನ್ನೂ ಹೋಗುತ್ತಿದೆ, ಹೋಗುತ್ತಲೇ ಇದೆ, ತೆರೆದ ಬಾಯಿ —